ಹಕ್ಕಿಯ ಕಾಳು, ಶ್ರಾವಕನ ಉಪವಾಸ

ಚಳಿಗಾಲದಲ್ಲಿ ಕಮಲಾಪುರದ ಸುತ್ತಣ ಹಿಂಗಾರಿ ಜೋಳದ ಹೊಲಗಳಿಗೆ ಮಧ್ಯ ಏಷ್ಯದಿಂದ ಬಂದ ಗುಲಾಬಿ ಮೈನಾಗಳು ಎರಗುತ್ತವೆ. ಊರೊಳಗಿನ ಗುಬ್ಬಿ, ಪಾರಿವಾಳಗಳು ಮಾಳಿಗೆಯ ಮೇಲೆ ಹಾಕಿದ ಕಾಳನ್ನು ಅರಸುತ್ತವೆ. ರಾಜಸ್ಥಾನದ ಖೀಚನ್ ಗ್ರಾಮದಲ್ಲಿಯಂತೂ ವಲಸೆ ಬರುವ ಸಾವಿರಾರು ಕ್ರೌಂಚಗಳಿಗೆ ಜೈನ ಸಮಾಜವು ಚಳಿಗಾಲವಿಡೀ ದಿನವೂ ಧಾನ್ಯ ಒದಗಿಸುತ್ತದೆ. ಅದನ್ನು ನೋಡಲು ದೂರದಿಂದ ಜನ ಬರುತ್ತಾರೆ.

ಇಲ್ಲೊಂದು ಪ್ರಶ್ನೆ ಏಳುತ್ತದೆ. ಚತುರ್ದಶಿಯಂದು ಪ್ರೋಷಧೋಪವಾಸ ಕೈಗೊಂಡು ಆರಂಭವನ್ನು ತ್ಯಜಿಸಿದ ಶ್ರಾವಕನ ಮನೆಯಲ್ಲಿ ಅಂದು ಹಕ್ಕಿಗಳಿಗೂ ಉಪವಾಸವೇ?

ತತ್ತ್ವಾರ್ಥಸೂತ್ರದ 7ನೆಯ ಅಧ್ಯಾಯವು ಅಹಿಂಸಾಣುವ್ರತದ 5 ಅತಿಚಾರಗಳಲ್ಲಿ ಅನ್ನಪಾನನಿರೋಧವನ್ನೂ ಎಣಿಸಿದೆ. ಹಾರುವ ಹಕ್ಕಿ ಯಾರ ಆಶ್ರಿತವೂ ಅಲ್ಲ, ಈ ಮಾತು ಅದಕ್ಕೆ ಸಲ್ಲದು ಎನ್ನಬಹುದು. ಆದರೆ ನಿತ್ಯವೂ ಒಂದೇ ವೇಳೆಗೆ ಕಾಳು ಕಂಡ ಹಕ್ಕಿಯು ಆ ವೇಳೆಯನ್ನು ನಂಬುತ್ತದೆ; ನಂಬಿಸಿದವನಿಗೆ ಹೊಣೆ ಅಂಟುತ್ತದೆ. ಉಪವಾಸವೆಂಬುದು ತಿಳಿದು ಮಾಡಿದ ತ್ಯಾಗ. ಅನ್ಯಜೀವದ ಮೇಲೆ ಹೇರಿದ ಹಸಿವು ಉಪವಾಸವಲ್ಲ.

ಆದುದರಿಂದ ಕಾಳನ್ನು ಹಿಂದಿನ ದಿನವೇ ಹುಳುವಿಲ್ಲದಂತೆ ಶೋಧಿಸಿಡಬೇಕು. ಅದನ್ನು ಹಾಕುವುದು ಅಂದು ಉಪವಾಸವಿಲ್ಲದ ಮನೆಮಂದಿಯ ನಿಯಮವಾಗಲಿ. ನೋಟದ ಸುಖಕ್ಕಾಗಿ ನಾಲ್ಕು ದಿನ ಹಾಕಿ ಮರೆಯುವುದಕ್ಕಿಂತ, ನಡೆಸಬಲ್ಲಷ್ಟನ್ನೇ ನಿಯಮಿಸಿಕೊಳ್ಳುವುದು ಲೇಸು. ಹಿಡಿ ಕಾಳೇ ಆಗಲಿ, ಅದು ತಪ್ಪದಿರಲಿ.