ಇಂಟರ್‌ವ್ಯೂಗೆ ಹೊರಟ ತಂಗಿಗೆ



ಇಂದಿನ ಧಮ್ಮ ಚಿಂತನೆ



ಮೊನ್ನೆ ಭಾನುವಾರ ವಂದನೆ ಮುಗಿದು ಎಲ್ಲರೂ ಚಹಾ ಕುಡಿಯುತ್ತಿದ್ದಾಗ ನಮ್ಮ ಬಳಗದ ಒಬ್ಬ ತಂಗಿ ನನ್ನನ್ನು ಬಾಗಿಲ ಹತ್ತಿರ ಕರೆದಳು. ಬಿ.ಕಾಂ. ಮುಗಿಸಿ ಒಂದು ವರ್ಷವಾಗಿದೆ, ಈಗ ಬೆಂಗಳೂರಿನ ಒಂದು ಕಂಪನಿಯಿಂದ ಇಂಟರ್‌ವ್ಯೂ ಕರೆ ಬಂದಿದೆ. "ಅಕ್ಕಾ, ಒಂದು ಕೇಳ್ತೀನಿ, ನಗಬೇಡಿ. ಲಿಪ್‌ಸ್ಟಿಕ್ ಹಾಕ್ಕೊಂಡು ಹೋದ್ರೆ ಶೀಲಕ್ಕೆ ತಪ್ಪಾಗುತ್ತಾ?" ಅಂದಳು.

ನಾನು ನಗಲಿಲ್ಲ. ಯಾಕೆಂದರೆ ಆ ಒಂದು ಪ್ರಶ್ನೆಯ ಹಿಂದೆ ಇನ್ನೂ ನಾಲ್ಕು ನಿಂತಿದ್ದವು, ಕೇಳುತ್ತಾ ಹೋದಂತೆ ಹೊರಗೆ ಬಂದವು. ಅವಳ ತಾಯಿ ಬೆಳ್ಳಗಾಗುವ ಕ್ರೀಮ್ ತಂದಿಟ್ಟಿದ್ದಾರೆ. ಗೆಳತಿ ಕೋಟು ಪ್ಯಾಂಟು ಇಲ್ಲದಿದ್ದರೆ ಒಳಗೇ ಬಿಡುವುದಿಲ್ಲ ಎಂದು ಹೆದರಿಸಿದ್ದಾಳೆ. ಸೋದರಮಾವ, ಕೊರಳಲ್ಲಿರುವ ಬಾಬಾಸಾಹೇಬರ ಲಾಕೆಟ್ ತೆಗೆದಿಟ್ಟು ಹೋಗು ಅಂದಿದ್ದಾರೆ. ನಿಂತುಕೊಂಡು ಹೇಳುವ ವಿಷಯವಲ್ಲ, ಬರೆಯುತ್ತೇನೆ ಅಂದೆ. ನಮ್ಮ ಎಷ್ಟೋ ಮನೆಗಳಲ್ಲಿ ಇದೇ ಮಾತು ನಡೆಯುತ್ತಿರುತ್ತದೆ, ಆದ್ದರಿಂದ ಎಲ್ಲರಿಗೂ ಕಳಿಸುತ್ತಿದ್ದೇನೆ.

ಮೊದಲು ಶೀಲದ ಮಾತು, ಅದು ಬೇಗ ಮುಗಿಯುತ್ತದೆ. ನಾವು ದಿನವೂ ತೆಗೆದುಕೊಳ್ಳುವ ಪಂಚಶೀಲದಲ್ಲಿ ಅಲಂಕಾರದ ಬಗ್ಗೆ ಒಂದು ಮಾತೂ ಇಲ್ಲ. ಹೂಮಾಲೆ, ಸುಗಂಧ, ಲೇಪನ ಬಿಡುವುದು ಬರುವುದು ಅಷ್ಟಶೀಲದಲ್ಲಿ. ಅದನ್ನು ಉಪಾಸಕ ಉಪಾಸಿಕೆಯರು ಉಪೋಸಥದ ದಿನ ತಾವಾಗಿಯೇ ಒಪ್ಪಿ ತೆಗೆದುಕೊಳ್ಳುತ್ತಾರೆ. ಹುಣ್ಣಿಮೆಯ ದಿನವೇ ಇಂಟರ್‌ವ್ಯೂ ಬಂದರೆ? ಆ ದಿನ ಪಂಚಶೀಲ ಪಾಲಿಸಿ, ಅಷ್ಟಶೀಲಕ್ಕೆ ಮುಂದಿನ ಹುಣ್ಣಿಮೆ ಇದ್ದೇ ಇದೆ. ಇನ್ನೊಂದು ಮಾತು. ಗೃಹಸ್ಥರಿಗೆ ಹೇಳಿದ ಸಿಗಾಲೋವಾದ ಸುತ್ತದಲ್ಲಿ ಭಗವಾನರು ಗಂಡ ಹೆಂಡತಿಗೆ ಮಾಡಬೇಕಾದ ಐದು ಕರ್ತವ್ಯಗಳಲ್ಲಿ ಒಡವೆ ಅಲಂಕಾರ ಕೊಡುವುದನ್ನೂ ಸೇರಿಸಿದ್ದಾರೆ. ಚಂದ ಕಾಣುವುದು ಪಾಪ ಎಂದು ನಮಗೆ ಯಾರೋ ಬೇರೆಯವರು ಕಲಿಸಿದ್ದು.

ಹಾಗಾದರೆ ಬಟ್ಟೆಯ ವಿಷಯದಲ್ಲಿ ಧಮ್ಮಕ್ಕೆ ಹೇಳುವುದೇನೂ ಇಲ್ಲವೇ? ಇದೆ. ಭಿಕ್ಖು ಚೀವರ ಉಡುವಾಗ ಇದು ಯಾಕೆ ಎಂದು ಮನಸ್ಸಿನಲ್ಲಿ ಕೇಳಿಕೊಳ್ಳಬೇಕು. ಚಳಿಗೆ, ಬಿಸಿಲಿಗೆ, ನೊಣ ಸೊಳ್ಳೆಗೆ, ಮಾನ ಮುಚ್ಚುವುದಕ್ಕೆ ಎಂದು ಸಬ್ಬಾಸವ ಸುತ್ತದಲ್ಲಿ ಉತ್ತರವೂ ಇದೆ. ಅದನ್ನು ಕೇಳಿದ ಕೆಲವರು, ಓಹೋ, ಹೇಗೆ ಬೇಕಾದರೂ ಸುತ್ತಿಕೊಂಡು ಹೋದರಾಯಿತು ಅಂದುಕೊಳ್ಳುತ್ತಾರೆ. ಅಲ್ಲ. ವಿನಯದಲ್ಲಿ ಸೇಖಿಯ ಎಂಬ 75 ನಿಯಮಗಳಿವೆ. ಅದರಲ್ಲಿ ಮೊದಲನೆಯದೇ ಕೆಳಗಿನ ಚೀವರದ ಅಂಚು ಸುತ್ತಲೂ ಒಂದೇ ಸಮ ಇರುವಂತೆ ಉಡಬೇಕು ಎಂಬುದು, ಎರಡನೆಯದು ಮೇಲಿನ ಚೀವರಕ್ಕೂ ಅದೇ ಮಾತು. ಇರುವುದು ಮೂರೇ ಚೀವರ, ಅದರಲ್ಲೂ ಕೆಲವು ಮಸಣದಲ್ಲಿ ಸಿಕ್ಕ ಚಿಂದಿಯಿಂದ ಹೊಲಿದದ್ದು. ಆದರೂ ಅದನ್ನು ಓರೆಕೋರೆಯಾಗಿ ಉಟ್ಟುಕೊಂಡು ಊರೊಳಗೆ ಹೋಗುವ ಹಾಗಿಲ್ಲ. ಎದುರಿನವರ ಮುಂದೆ ನೆಟ್ಟಗೆ ನಿಲ್ಲುವುದು ಶಿಸ್ತಿನ ಭಾಗ, ಬಟ್ಟೆಯ ಬೆಲೆಗೂ ಅದಕ್ಕೂ ಸಂಬಂಧವಿಲ್ಲ.

ನಮಗೆ ಇದರ ಮೇಲೆ ಇನ್ನೊಂದು ಪಾಠ ಇದೆ. ಚಂಡಾಲರು ಸತ್ತವರ ಬಟ್ಟೆ ಉಡಬೇಕು, ಒಡೆದ ಪಾತ್ರೆಯಲ್ಲಿ ಉಣ್ಣಬೇಕು, ಕಬ್ಬಿಣದ ಒಡವೆ ಹಾಕಬೇಕು ಎಂದು ಮನುಸ್ಮೃತಿ ಹೇಳಿತು. ನಮ್ಮ ಮೈಮೇಲೆ ಏನಿರಬೇಕು ಎಂಬುದನ್ನು ಕಾನೂನು ಮಾಡಿ ಬರೆದಿಟ್ಟರು. 1927ರ ಡಿಸೆಂಬರ್ 25ರಂದು ಮಹಾಡ್‌ನಲ್ಲಿ ಆ ಪುಸ್ತಕ ಸುಟ್ಟದ್ದು ನಮಗೆಲ್ಲ ಗೊತ್ತು. ಅದೇ ಸಮಾವೇಶದಲ್ಲಿ ಬಾಬಾಸಾಹೇಬರು ಹೆಣ್ಣುಮಕ್ಕಳನ್ನು ಕೂರಿಸಿಕೊಂಡು ಸೀರೆಯ ಬಗ್ಗೆ ಮಾತಾಡಿದ್ದನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ. ಜಾತಿಯ ಗುರುತು ಕೊಡುವ ಹಾಗೆ ಸೀರೆ ಉಡುವುದನ್ನು ಬಿಡಿ, ಕೈತುಂಬ ಕತ್ತುತುಂಬ ಹೇರಿಕೊಂಡ ಬೆಳ್ಳಿಯ ಭಾರ ಬಿಡಿ, ತೇಪೆ ಹಾಕಿದ್ದಾದರೂ ಚಿಂತೆಯಿಲ್ಲ, ಶುಚಿಯಾಗಿರಲಿ, ನೀವು ಏನು ಉಡಬೇಕೆಂದು ತಡೆಯುವ ಹಕ್ಕು ಯಾರಿಗೂ ಇಲ್ಲ ಎಂಬ ಅರ್ಥದ ಮಾತುಗಳನ್ನು ಹೇಳಿದರು. ಆ ತಾಯಂದಿರು ಅಲ್ಲೇ ಸೀರೆ ಉಡುವ ರೀತಿ ಬದಲಿಸಿದರು. ಕೆರೆಯ ನೀರು ಮುಟ್ಟಿದ್ದು ಹೇಗೆ ಸತ್ಯಾಗ್ರಹವೋ, ನೆರಿಗೆ ಕಾಲಿನ ತನಕ ಇಳಿಸಿದ್ದೂ ಹಾಗೇ ಸತ್ಯಾಗ್ರಹ. ಆದ್ದರಿಂದ, ತಂಗಿ, ನಾಳೆ ನೀನು ಇಸ್ತ್ರಿ ಮಾಡಿದ ಬಟ್ಟೆ ಹಾಕಿಕೊಳ್ಳುವುದನ್ನು ಶೋಕಿ ಎಂದು ಯಾರಾದರೂ ಅಂದರೆ ತಲೆ ಕೆಡಿಸಿಕೊಳ್ಳಬೇಡ.

ಇನ್ನು ಕ್ರೀಮಿನ ವಿಷಯ. ಇದಕ್ಕೆ ನನ್ನದೇ ಕಥೆ ಹೇಳಬೇಕು.

1994ರಲ್ಲಿ ಜಿಲ್ಲಾ ಕೇಂದ್ರದ ಒಂದು ಕಚೇರಿಯಲ್ಲಿ ಗುಮಾಸ್ತೆ ಕೆಲಸಕ್ಕೆ ನನಗೆ ಇಂಟರ್‌ವ್ಯೂ ಇತ್ತು. ನನ್ನವ್ವ ಪಕ್ಕದ ಮನೆಯಿಂದ ಸ್ನೋ ಪೌಡರ್ ಎರಡನ್ನೂ ಕೇಳಿ ತಂದಿದ್ದಳು. ನಾನು ಅವ್ವನ ಬಣ್ಣದವಳೇ, ಹೊಲದಲ್ಲಿ ಬೆಂದ ಕಪ್ಪು. ಅವ್ವ ತನ್ನ ಗಟ್ಟಿ ಅಂಗೈಯಿಂದ ನನ್ನ ಮುಖಕ್ಕೆ ಪೌಡರ್ ತಿಕ್ಕಿದಳು, ತಿಕ್ಕಿ ತಿಕ್ಕಿ ದೂರ ನಿಂತು ನೋಡಿದಳು, ಮತ್ತೆ ತಿಕ್ಕಿದಳು. ಎರಡು ಬಸ್ ಬದಲಿಸಿ ಹೋಗುವಷ್ಟರಲ್ಲಿ ಬೆವರು ಇಳಿದು ಕೆನ್ನೆಯ ಮೇಲೆ ಗೆರೆ ಬಿದ್ದಿದ್ದವು. ಕುತ್ತಿಗೆ ಒಂದು ಬಣ್ಣ, ಮುಖ ಒಂದು ಬಣ್ಣ. ಕಚೇರಿಯ ಹೊರಗಿನ ಕಿಟಕಿ ಗಾಜಿನಲ್ಲಿ ನನ್ನ ಮುಖ ನೋಡಿಕೊಂಡೆ. ಒರೆಸಲು ಕರವಸ್ತ್ರ ಇರಲಿಲ್ಲ, ಸೆರಗಿನಿಂದ ಒರೆಸಿದರೆ ಸೆರಗಿಗೆ ಬಿಳಿ ಹತ್ತಿತು.

ಒಳಗೆ ಮೂವರು ಕೂತಿದ್ದರು. ಲೆಕ್ಕದ ಪ್ರಶ್ನೆ ಎರಡು ಕೇಳಿದರು, ಹೇಳಿದೆ. ಆಮೇಲೆ ಒಬ್ಬರು ಊರು ಯಾವುದು ಅಂದರು, ಹೇಳಿದೆ. "ಊರಲ್ಲಿ ಮನೆ ಎಲ್ಲಿ ಬರುತ್ತೆ?" ಅಂದರು. ನನ್ನ ಬಾಯಿಂದ "ಬಸ್ ಸ್ಟ್ಯಾಂಡ್ ಹತ್ತಿರ" ಅಂತ ಬಂತು. ನಮ್ಮ ಊರಿಗೆ ಬಸ್ ಸ್ಟ್ಯಾಂಡೇ ಇರಲಿಲ್ಲ. ಅವರು ನನ್ನ ಮುಖ ನೋಡಿ ಸಣ್ಣಗೆ ನಕ್ಕರು. ಆ ನಗು ಪೌಡರಿಗೋ ಸುಳ್ಳಿಗೋ ನನಗೆ ಇವತ್ತಿಗೂ ಗೊತ್ತಿಲ್ಲ. ಕೆಲಸ ಸಿಗಲಿಲ್ಲ. ಮೂರು ವರ್ಷದ ನಂತರ ಬೇರೆ ಪರೀಕ್ಷೆ ಬರೆದು ಬೇರೆ ಇಲಾಖೆಗೆ ಸೇರಿದೆ, ಅದು ಬೇರೆ ಮಾತು.

ಅವ್ವನ ಮೇಲೆ ನನಗೆ ಸಿಟ್ಟಿಲ್ಲ. ಮಗಳ ಮುಖದಿಂದ ಅಪಾಯ ಒರೆಸಿ ಹಾಕಬಹುದು ಎಂದು ಅವಳು ನಂಬಿದ್ದಳು. ನಿನ್ನ ತಾಯಿಯೂ ಅಷ್ಟೇ, ತಂಗಿ. ಆದರೆ ಆ ಕ್ರೀಮ್ ಹಚ್ಚಬೇಡ. ಒಂದು ದೊಡ್ಡ ಕಂಪನಿ ತನ್ನ ಫೇರ್ ಅಂಡ್ ಲವ್ಲಿ ಹೆಸರಿನಿಂದ 2020ರಲ್ಲಿ ಫೇರ್ ಎಂಬ ಪದ ತೆಗೆದುಹಾಕಿ ಗ್ಲೋ ಅಂತ ಇಟ್ಟಿತು. ಪದ ಹೋಯಿತು, ನಮ್ಮ ಮನೆಯೊಳಗಿನ ಆಸೆ ಹೋಗಿಲ್ಲ. ಅದಕ್ಕಿಂತ ಕೆಟ್ಟದ್ದು ಮೆಡಿಕಲ್ ಶಾಪಿನಲ್ಲಿ ಚೀಟಿ ಇಲ್ಲದೆ ಕೊಡುವ ಸ್ಟೀರಾಯ್ಡ್ ಕ್ರೀಮುಗಳು. ನಾಲ್ಕು ದಿನ ಮುಖ ಹೊಳೆಯುತ್ತದೆ, ಆಮೇಲೆ ಚರ್ಮ ತೆಳ್ಳಗಾಗಿ ಕೆಂಪೇರುತ್ತದೆ, ಗುಳ್ಳೆ ಏಳುತ್ತವೆ, ಕೆಲವರಿಗೆ ಮುಖದ ಮೇಲೆ ಕೂದಲು ಬರುತ್ತದೆ, ಬಿಟ್ಟರೆ ಇನ್ನೂ ಉರಿ. ಕಂಪನಿ ಹೆಸರು ಸರಿಯಾಗಿ ಇಲ್ಲದ ಕೆಲವು ಡಬ್ಬಿಗಳಲ್ಲಿ ಪಾದರಸವೂ ಇರುತ್ತದೆ, ಅದು ಮೂತ್ರಪಿಂಡಕ್ಕೆ ಪೆಟ್ಟು. ಬಣ್ಣದಿಂದ, ಹುಟ್ಟಿನಿಂದ ಯಾರೂ ಕೀಳಲ್ಲ ಎಂದು ಭಾನುವಾರ ಓದಿ, ಸೋಮವಾರ ಮಗಳ ಚರ್ಮ ಸುಡುವುದು ಬೇಡ.

ಮೇಕಪ್ ಬೇಕೇ? ಮನಸ್ಸಿದ್ದರೆ ಹಾಕಿಕೋ, ಇಲ್ಲದಿದ್ದರೆ ಬಿಡು. ಹಾಕುವುದಾದರೆ ನಿನ್ನ ಬಣ್ಣದ್ದೇ ಹಾಕಿಕೋ. ಫೌಂಡೇಶನ್ ಕೊಳ್ಳುವಾಗ ಅಂಗಡಿಯವರು ಕೈಮೇಲೆ ಹಚ್ಚಿ ತೋರಿಸುತ್ತಾರೆ, ಯಾವಾಗಲೂ ಎರಡು ಬಣ್ಣ ತಿಳಿಯಾದದ್ದನ್ನೇ ಕೊಡಲು ನೋಡುತ್ತಾರೆ. ದವಡೆಯ ಹತ್ತಿರ ಸ್ವಲ್ಪ ಹಚ್ಚಿ, ಅಂಗಡಿಯ ಲೈಟ್ ಬಿಟ್ಟು ಹೊರಗೆ ಬಿಸಿಲಿನ ಬೆಳಕಿನಲ್ಲಿ ನೋಡು. ಕುತ್ತಿಗೆಯ ಬಣ್ಣದೊಂದಿಗೆ ಸೇರಿ ಕಾಣದೇ ಹೋದರೆ ಅದು ನಿನ್ನದು. ಹೊಸದು ಯಾವುದನ್ನೂ ಹಿಂದಿನ ದಿನ ಪ್ರಯೋಗ ಮಾಡಬೇಡ, ತುರಿಕೆ ಬಂದರೆ ಕಷ್ಟ. ಕಾಡಿಗೆ, ತಿಳಿ ಬಣ್ಣದ ಲಿಪ್‌ಸ್ಟಿಕ್, ಅಷ್ಟು ಸಾಕು ಅನ್ನುವುದು ನನ್ನ ಅಭಿಪ್ರಾಯ, ಶಾಸ್ತ್ರವಲ್ಲ.

ಕೋಟು ಪ್ಯಾಂಟಿಗೆ ಸಾಲ ಮಾಡಬೇಡ. ಸಿಗಾಲೋವಾದದಲ್ಲೇ ದುಡಿದದ್ದನ್ನು ನಾಲ್ಕು ಪಾಲು ಮಾಡಿ ಒಂದು ಪಾಲು ಅನುಭವಿಸಿ, ಎರಡು ಪಾಲು ಕಸುಬಿಗೆ ಹಾಕಿ, ಒಂದು ಪಾಲು ಆಪತ್ತಿಗೆ ಇಡಿ ಎಂದಿದೆ. ದುಡಿಮೆ ಇನ್ನೂ ಶುರುವಾಗದವಳು ಫೈನಾನ್ಸ್‌ನವನಿಗೆ ಪಾಲು ಕೊಡುವುದು ಯಾವ ಲೆಕ್ಕ? ಲೆಕ್ಕಪತ್ರದ ಕೆಲಸಕ್ಕೆ ಹತ್ತಿಯ ಸರಳ ಚೂಡಿದಾರ್ ಚೆನ್ನಾಗಿಯೇ ಕಾಣುತ್ತದೆ, ದುಪಟ್ಟಾ ಪಿನ್ ಮಾಡಿಕೋ. ಆ ಬಟ್ಟೆ ಹಾಕಿ ಮೊದಲೇ ಒಂದು ಸಲ ಮನೆಯಲ್ಲಿ ಕುರ್ಚಿಯ ಮೇಲೆ ಅರ್ಧ ಗಂಟೆ ಕೂತು ನೋಡು. ಎಲ್ಲಿ ಬಿಗಿಯುತ್ತದೆ, ಎಲ್ಲಿ ಜಾರುತ್ತದೆ ಎಂಬುದು ಕೂತಾಗ ಗೊತ್ತಾಗುತ್ತದೆ, ಕನ್ನಡಿಯ ಮುಂದೆ ನಿಂತಾಗ ಅಲ್ಲ. ಹೊಸ ಚಪ್ಪಲಿ ಆ ದಿನಕ್ಕೇ ಶುರು ಮಾಡಬೇಡ. ಒಂದು ಕರವಸ್ತ್ರ ಇಟ್ಟುಕೋ. ಕರವಸ್ತ್ರದ ಬಗ್ಗೆ ನನಗೆ ಗೊತ್ತು.

ಗಂಡುಮಕ್ಕಳು ಇದು ನಮಗಲ್ಲ ಎಂದು ಮುಂದೆ ಸರಿಸಬೇಡಿ. ಅಣ್ಣನ ಮದುವೆಯ ದೊಗಳೆ ಕೋಟಿಗಿಂತ ನಿಮ್ಮದೇ ಅಳತೆಯ ಒಗೆದ ಶರ್ಟ್ ಮೇಲು.

ಕಡೆಯದು ಲಾಕೆಟ್. ಇದೇ ಕಷ್ಟದ್ದು.

ಬಾಬಾಸಾಹೇಬರು ತಮ್ಮ ಬದುಕಿನ ಪ್ರಸಂಗಗಳನ್ನು ಬರೆದ ವೇಟಿಂಗ್ ಫಾರ್ ಎ ವೀಸಾ ಎಂಬ ಚಿಕ್ಕ ಬರಹವಿದೆ. ಶುರುವಿನಲ್ಲೇ 1901ರ ಪ್ರಯಾಣ ಬರುತ್ತದೆ. ತಂದೆ ಕೋರೆಗಾಂವ್‌ನಲ್ಲಿ ಕೆಲಸದಲ್ಲಿದ್ದರು, ಮಕ್ಕಳು ರೈಲಿನಲ್ಲಿ ಹೊರಟು ಮಸೂರ್ ಸ್ಟೇಷನ್ನಿನಲ್ಲಿ ಇಳಿದರು. ಆ ಪ್ರಯಾಣಕ್ಕೆಂದೇ ಹೊಸ ಅಂಗಿ, ಮಿನುಗುವ ಟೋಪಿ, ಹೊಸ ಬೂಟು, ರೇಷ್ಮೆ ಅಂಚಿನ ಧೋತರ. ಸ್ಟೇಷನ್ ಮಾಸ್ತರ್ ಇವರು ಬ್ರಾಹ್ಮಣರ ಮಕ್ಕಳೆಂದೇ ತಿಳಿದು ಅಕ್ಕರೆಯಿಂದ ವಿಚಾರಿಸಿದ. ಮಕ್ಕಳು ಯೋಚಿಸದೆ ನಾವು ಮಹಾರರು ಅಂದುಬಿಟ್ಟರು. ಅವನ ಮುಖ ಬದಲಾಯಿತು, ಎದ್ದು ಹೋದ. ದುಪ್ಪಟ್ಟು ಬಾಡಿಗೆ ಕೊಡುತ್ತೇವೆಂದರೂ ಗಾಡಿಯವರು ಒಪ್ಪಲಿಲ್ಲ. ಕೊನೆಗೆ ಮಕ್ಕಳೇ ಗಾಡಿ ಹೊಡೆಯಬೇಕು, ಗಾಡಿಯವನು ಪಕ್ಕದಲ್ಲಿ ನಡೆಯುತ್ತಾನೆ ಎಂಬ ಕರಾರಿನ ಮೇಲೆ ಒಂದು ಗಾಡಿ ಸಿಕ್ಕಿತು. ಮುಂದೆ ಅಮೆರಿಕ, ಲಂಡನ್‌ನಲ್ಲಿ ಓದಿ ಬಂದವರು ಬರೋಡಾದಲ್ಲಿ ಕೆಲಸಕ್ಕೆ ಹೋದಾಗ ಇರಲು ಜಾಗ ಸಿಗದೆ ಪಾರ್ಸಿ ವಸತಿಗೃಹದಲ್ಲಿ ಪಾರ್ಸಿ ಹೆಸರು ಬರೆಸಿ ಉಳಿದರು. ಹನ್ನೊಂದನೆಯ ದಿನ ದೊಣ್ಣೆ ಹಿಡಿದ ಗುಂಪು ಬಂದು ಹೊರಹಾಕಿತು.

ಒಳ್ಳೆಯ ಬಟ್ಟೆ ಎಲ್ಲಿವರೆಗೆ ಕಾಯುತ್ತದೆ ಎಂಬುದು ಅವರಿಗೆ ಚಿಕ್ಕ ಹುಡುಗನಾಗಿದ್ದಾಗಲೇ ಗೊತ್ತಾಯಿತು. ಆದರೂ ಮಹಾಡ್‌ನಲ್ಲಿ ಚೆನ್ನಾಗಿ ಉಡಿ ಅಂದರು, ತಾವೂ ಕೊನೆಯವರೆಗೆ ಚೆನ್ನಾಗಿ ಉಟ್ಟರು. ಬಟ್ಟೆಯಿಂದ ಯಾರನ್ನಾದರೂ ನಂಬಿಸಬಹುದು ಎಂದು ಅಲ್ಲ, ಅದು ತಮ್ಮದು ಎಂದು. ಸುಖದೇವ್ ಥೋರಟ್ ಮತ್ತು ಪಾಲ್ ಅಟ್ಟೆವೆಲ್ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದೇ ರೀತಿಯ ಓದಿನ ಅರ್ಜಿಗಳನ್ನು ಬೇರೆ ಬೇರೆ ಹೆಸರಿನಲ್ಲಿ ಖಾಸಗಿ ಕಂಪನಿಗಳಿಗೆ ಕಳಿಸಿ ನೋಡಿದ್ದರು. ದಲಿತ ಹೆಸರಿಗೆ ಕರೆ ಕಡಿಮೆ ಬಂತು. ಅಲ್ಲಿ ಯಾರ ಬಟ್ಟೆಯನ್ನೂ ಯಾರೂ ನೋಡಿರಲಿಲ್ಲ. ಹಾಗಾಗಿ ಕೆಲಸ ಸಿಗದಿದ್ದರೆ ನನ್ನ ಚೂಡಿದಾರ್ ಸರಿ ಇರಲಿಲ್ಲ, ನನ್ನ ಬಣ್ಣ ಸರಿ ಇರಲಿಲ್ಲ ಎಂದು ರಾತ್ರಿಯೆಲ್ಲ ಕೊರಗಬೇಡ.

ಲಾಕೆಟ್ ಹಾಕು ಅಥವಾ ತೆಗೆ ಎಂದು ನಾನು ಹೇಳುವುದಿಲ್ಲ. ಅಂಗಿಯ ಒಳಗೆ ಇದ್ದರೆ ಅದು ಸುಳ್ಳಲ್ಲ. ಕೇಳದೇ ಇದ್ದುದನ್ನು ಹೇಳದಿರುವುದು ಮೃಷಾವಾದ ಅಲ್ಲ. ಬರೋಡಾದಲ್ಲಿ ಬಾಬಾಸಾಹೇಬರು ಮಾಡಿದ್ದನ್ನು ನೆನೆದರೆ, ಹೊಟ್ಟೆಪಾಡಿಗೆ ಹೆಸರು ಮರೆಸಿದವರನ್ನು ತೀರ್ಪು ಮಾಡುವ ಬಾಯಿ ನನಗಿಲ್ಲ. ನನ್ನ ಅನುಭವ ಮಾತ್ರ ಹೇಳುತ್ತೇನೆ. ಸುಳ್ಳು ಹೇಳಿದ ಮೇಲೆ ಆ ಮೂವರ ಮುಂದೆ ನನಗೆ ಗೊತ್ತಿದ್ದ ಉತ್ತರವೂ ನಡುಗಿತು. ಭಗವಾನರು ರಾಹುಲನಿಗೆ ತಿಳಿದೂ ಸುಳ್ಳಾಡುವುದರ ಬಗ್ಗೆ ಹೇಳಿಕೊಡುವಾಗ, ಕನ್ನಡಿ ಯಾಕೆ ಇರುವುದು ಎಂದು ಕೇಳುತ್ತಾರೆ. ನೋಡಿಕೊಳ್ಳುವುದಕ್ಕೆ ಎನ್ನುತ್ತಾನೆ ರಾಹುಲ. ಹಾಗೆಯೇ ಮಾಡುವ ಮೊದಲು, ಮಾಡುವಾಗ, ಮಾಡಿದ ಮೇಲೆ ನಿನ್ನ ನಡೆಯನ್ನು ನೋಡಿಕೋ ಎನ್ನುತ್ತಾರೆ. ಯಾರಾದರೂ ಊರು, ಕೇರಿ, ಮನೆಯ ಹಿನ್ನೆಲೆ ಕೇಳಿದರೆ, ಅದು ಕೆಲಸಕ್ಕೆ ಸಂಬಂಧವಿಲ್ಲದ ಪ್ರಶ್ನೆ ಎಂದು ನಿನಗೆ ಗೊತ್ತಿರಲಿ. ಉತ್ತರ ಬೇಕಾದರೆ ಚಿಕ್ಕದಾಗಿ, ನಿಜವಾಗಿ ಹೇಳಿ ಲೆಕ್ಕಪತ್ರದ ಮಾತಿಗೆ ವಾಪಸ್ ಬಾ.

ನಿನ್ನೆ ರಾತ್ರಿ ಅವಳು ಒಂದು ಫೋಟೊ ಕಳಿಸಿದ್ದಳು. ನೀಲಿ ಚೂಡಿದಾರ್, ಬಾಗಿಲ ಮೊಳೆಗೆ ತೂಗುಹಾಕಿದ್ದು. ಲಾಕೆಟ್ ವಿಷಯ ಏನೂ ಬರೆದಿರಲಿಲ್ಲ, ನಾನೂ ಕೇಳಲಿಲ್ಲ. ಕ್ರೀಮ್ ಡಬ್ಬಿಯನ್ನು ಅಂಗಡಿಗೆ ವಾಪಸ್ ಕೊಡಲು ಅವ್ವ ಹೋಗಿದ್ದಾರೆ, ಅಂಗಡಿಯವನು ದುಡ್ಡು ಕೊಡಲ್ಲ ಅಂತ ಜಗಳ ನಡೀತಿದೆ ಅಂತ ಬರೆದಿದ್ದಳು. ನಾಳೆ ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಡುತ್ತಾಳೆ. ಹತ್ತೂವರೆಗೆ ಇಂಟರ್‌ವ್ಯೂ. ಆ ಹೊತ್ತಿಗೆ ನಿಮ್ಮ ನಿಮ್ಮ ಕೆಲಸದ ನಡುವೆ ಒಂದು ನಿಮಿಷ ಅವಳಿಗೆ ಮೆತ್ತಾ ಕಳಿಸಿ.

ಜೈಭೀಮ್. ನಮೋ ಬುದ್ಧಾಯ.