ಉಳಿತಾಯ ನಮ್ದು, ಖರ್ಚು ಯಾರ್ದು?

ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡೋ ವಿಡಿಯೋ ಪ್ಲೇಯರ್ ಮಾಡ್ಬೇಕಾ? 2013ರಲ್ಲಿ ಗಿಟ್‌ಹಬ್ ಶುರುಮಾಡಿದ ಎಲೆಕ್ಟ್ರಾನ್ ಇದೆ. ವೆಬ್ ಪೇಜ್ ಬರೆಯೋಕೆ ಬಂದ್ರೆ ಸಾಕು. ಆದರೆ ಅಂಥ ಪ್ರತಿ ಆ್ಯಪ್ ಒಳಗೂ ಇಡೀ ಕ್ರೋಮಿಯಂ ಬ್ರೌಸರ್ ಕೂತಿರುತ್ತೆ.

ವಿಎಲ್‌ಸಿಯವರು ಮ್ಯಾಕ್‌ಗೆ ಅಂತಲೇ ಬೇರೆ ಇಂಟರ್‌ಫೇಸ್ ಬರೆದರು. ಆ ಕಷ್ಟ ತಾವೇ ಹೊತ್ತರು. ನಾವು ಒಂದೇ ಸಲ ಬರೆದು ಕೈ ತೊಳ್ಕೊಂಡಾಗ ಭಾರ ಮಾಯವಾಗಲ್ಲ. 4 ಜಿಬಿ ರ‍್ಯಾಮ್‌ನ ಹಳೇ ಲ್ಯಾಪ್‌ಟಾಪ್ ಇರೋರ ಹೆಗಲಿಗೆ ಹೋಗುತ್ತೆ, ಅವರನ್ನ ಕೇಳದೆ.

ಹಾಗಂತ ಎಲೆಕ್ಟ್ರಾನ್ ಬಳಸೋದು ಪಾಪ ಅಲ್ಲ. ಅದಿಲ್ಲದಿದ್ರೆ ಒಬ್ಬನೇ ಡೆವಲಪರ್ ಮಾಡಿದ ಎಷ್ಟೋ ಆ್ಯಪ್‌ಗಳು ಲಿನಕ್ಸ್‌ನವರಿಗೆ ಸಿಗ್ತಾನೇ ಇರಲಿಲ್ಲ. ಆದರೆ ನಮ್ಮ ಅನುಕೂಲಕ್ಕೆ 'ಬಳಕೆದಾರರಿಗೋಸ್ಕರ' ಅಂತ ಹೆಸರಿಡೋದು ಬೇಡ. ರಿಲೀಸ್ ಮಾಡೋ ಮುಂಚೆ ಅದೇ ಹಳೇ ಲ್ಯಾಪ್‌ಟಾಪ್‌ನಲ್ಲಿ ಒಂದು ಸಿನಿಮಾ ಪೂರ್ತಿ ನೋಡೋಣ. ಅಷ್ಟಾದರೂ ಅವರಿಗೆ ಸಲ್ಲಬೇಕು.