ಕಾಯಕವೂ ಗಂಟೆಯ ಲೆಕ್ಕವೂ

ಹಗ್ಗ ಹೊಸೆಯುವವನನ್ನೂ, ದೋಣಿ ನಡೆಯಿಸುವವನನ್ನೂ, ಪಾದರಕ್ಷೆ ಹೊಲಿಯುವವನನ್ನೂ ಕಲ್ಯಾಣದ ಶರಣರು ಒಂದೇ ಪಂಕ್ತಿಯಲ್ಲಿ ಕುಳ್ಳಿರಿಸಿದರೆಂಬುದು ಸದ್ಭಕ್ತರಿಗೆಲ್ಲ ವಿದಿತವೇ ಇದೆ. ಈಗ ಅನೇಕ ಭಕ್ತಕುಟುಂಬಗಳ ಮಕ್ಕಳು ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳಲ್ಲಿ ದುಡಿಯುತ್ತಿರುವರು. ಹಗ್ಗವಾದರೆ ಕಣ್ಣಿಗೆ ಕಾಣುವುದು. ಇವರು ಹೊಸೆಯುವ ಸೂತ್ರವು ಕಾಣದು. ಆದುದರಿಂದ ಮನೆಯ ಹಿರಿಯರಿಗೆ ಆ ಕೆಲಸದ ಸ್ವರೂಪವು ತಿಳಿಯದೆ, ಸಂಬಳದ ಮೊತ್ತ ಮಾತ್ರ ತಿಳಿದಿರುತ್ತದೆ.

ಇಂತಹ ಕಂಪನಿಗಳಲ್ಲಿ ಹಲವು ಪರದೇಶದ ಬ್ಯಾಂಕು, ವಿಮಾ ಸಂಸ್ಥೆ ಮುಂತಾದ ಗಿರಾಕಿಗಳಿಗೆ ಕೆಲಸ ಮಾಡಿಕೊಟ್ಟು, ಅನೇಕ ವೇಳೆ ನೌಕರನ ಗಂಟೆಗಳ ಲೆಕ್ಕದಿಂದ ಹಣ ಪಡೆಯುತ್ತವೆ. ಯಾವ ಕೆಲಸಕ್ಕೆ ಎಷ್ಟು ಗಂಟೆ ಸಂದಿತೆಂದು ನೌಕರನು ಟೈಮ್‌ಶೀಟಿನಲ್ಲಿ ತುಂಬಬೇಕು. ಬೇಸಗೆಯಲ್ಲಿ ನ್ಯೂಯಾರ್ಕಿನ ಬೆಳಗಿನ 9 ಗಂಟೆಯೆಂದರೆ ಬೆಂಗಳೂರಿನ ಸಂಜೆ 6.30, ಗಿರಾಕಿಯ ಹಗಲು ನೌಕರನ ರಾತ್ರಿಯಾಗುತ್ತದೆ. 2023ರ ಅಕ್ಟೋಬರಿನಲ್ಲಿ ಇನ್ಫೋಸಿಸ್ ಸಂಸ್ಥಾಪಕರಲ್ಲೊಬ್ಬರಾದ ನಾರಾಯಣಮೂರ್ತಿಯವರು ತರುಣರು ವಾರಕ್ಕೆ 70 ಗಂಟೆ ದುಡಿಯಬೇಕೆಂದಾಗ ದೇಶದಲ್ಲೆಲ್ಲ ವಾದವೆದ್ದಿತು. ಅತಿದುಡಿಮೆಯ ಮಾತು ಎಲ್ಲರ ನಾಲಗೆಯಲ್ಲಿರುವುದರಿಂದ ಇಲ್ಲಿ ಬೆಳೆಸಬೇಕಾದುದಿಲ್ಲ.

ಅದಕ್ಕಿಂತ ಗುಪ್ತವಾದ ವ್ಯಥೆಯೊಂದುಂಟು. ಗಿರಾಕಿಯ ಕೆಲಸ ಮುಗಿದು, ಬೇರೊಂದು ದೊರೆಯುವ ತನಕ ನೌಕರನು ಸಂಬಳ ಪಡೆಯುತ್ತ ಬರಿದೆ ಕಾಯುವನು. ಇದಕ್ಕೆ 'ಬೆಂಚಿನ ಮೇಲಿರುವುದು' ಎನ್ನುವರು. ಕುಳಿತು ಉಣ್ಣುವ ಭಾಗ್ಯವೆಂದು ಹೊರಗಿನವರು ನಗಬಹುದು. ಅನುಭವಿಸಿದವರು ಹಾಗೆ ಹೇಳುವುದಿಲ್ಲ. ದಿನದಿನವೂ ಒಳಗಿನ ಅಧಿಕಾರಿಗಳಿಗೆ ತನ್ನ ವಿದ್ಯೆಯ ಪಟ್ಟಿ ಕಳುಹಿಸುವುದು, ಸಂದರ್ಶನಕ್ಕೆ ಕೂರುವುದು, ಬೇಡವೆನಿಸಿಕೊಂಡು ಮರಳುವುದು. ಜೊತೆಯವರು ಊಟಕ್ಕೆ ಕರೆದರೂ ಮುಖವೆತ್ತಲು ಸಂಕೋಚ. 2025ರ ಜೂನ್ ತಿಂಗಳಲ್ಲಿ ದೇಶದ ಅತಿ ದೊಡ್ಡ ಕಂಪನಿಗಳಲ್ಲೊಂದು, ನೌಕರನು ವರ್ಷಕ್ಕೆ 225 ದಿನ ಗಿರಾಕಿಯಿಂದ ಹಣ ಬರುವ ಕೆಲಸದಲ್ಲಿರಬೇಕು, ಬೆಂಚಿನ ಮೇಲೆ 35 ದಿನ ಮೀರಬಾರದು ಎಂದು ನಿಯಮಿಸಿತು. ದಿನವೆಣಿಸುವುದು ಈಗ ಆಡುಮಾತಲ್ಲ, ಅನ್ನದ ಪ್ರಶ್ನೆ.

ಇಲ್ಲಿ ಆಯ್ದಕ್ಕಿ ಮಾರಯ್ಯ ಲಕ್ಕಮ್ಮ ದಂಪತಿಗಳ ಚರಿತ್ರೆಯನ್ನು ಮುಂದಿಟ್ಟು ಆಕ್ಷೇಪವೆತ್ತಬಹುದು: ಮಾರಯ್ಯನು ಅನುಭಾವಗೋಷ್ಠಿಯಲ್ಲಿ ಮೈಮರೆತು ಕುಳಿತಾಗ ಲಕ್ಕಮ್ಮನು ಕಾಯಕ ನಿಂತುದನ್ನು ನೆನಪಿಸಿ ಅವನನ್ನು ಎಬ್ಬಿಸಲಿಲ್ಲವೆ? ಬರಿದೆ ಕುಳಿತವನು ಕಾಯಕಭ್ರಷ್ಟನಲ್ಲವೆ? ಸಮಾಧಾನವೇನೆಂದರೆ, ಮಾರಯ್ಯನು ಕಾಯಕವನ್ನು ತಾನು ಮರೆತನು. ಇವನಿಂದ ಅದನ್ನು ಅನ್ಯರು ತಡೆದಿರುವರು. ಮರೆವು ಬೇರೆ, ತಡೆ ಬೇರೆ. ಮಳೆ ಬಾರದೆ ನೇಗಿಲು ಹೂಡದ ಒಕ್ಕಲಿಗನನ್ನು ಸೋಮಾರಿಯೆಂದು ಯಾರೂ ಕರೆಯರು. ಆ ದಿನಗಳಲ್ಲಿ ಹೊಸ ವಿದ್ಯೆ ಕಲಿಯುವುದೂ, ತೊಡಕಿಗೆ ಸಿಕ್ಕಿದ ಜೊತೆಗಾರನ ಸೂತ್ರವನ್ನು ಬಿಡಿಸಿಕೊಡುವುದೂ ಟೈಮ್‌ಶೀಟಿನಲ್ಲಿ ಹಣವಾಗದಿರಬಹುದು. ಕಾಯಕವಲ್ಲವೆನ್ನಲು ಯಾರಿಂದಲೂ ಆಗದು.

ಅದೇ ಚರಿತ್ರೆಯ ಇನ್ನೊಂದು ಭಾಗ ಹೆಚ್ಚು ಕಟುವಾದುದು. ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮನು ಅದನ್ನು ಮರಳಿ ಸುರಿದು ಬರಲು ಹೇಳಿದಳು. ಐದು ಗಂಟೆ ದುಡಿದು ಎಂಟೆಂದು ಬರೆದರೆ ಆ ಮೂರು ಗಂಟೆ ಹೆಚ್ಚಿನ ಅಕ್ಕಿಯೇ ಸರಿ. ಹನ್ನೆರಡು ಗಂಟೆ ದುಡಿಯಿಸಿ ಎಂಟೆಂದು ಬರೆಯಿಸುವ ಮೇಲಧಿಕಾರಿಯ ಚೀಲದಲ್ಲಿಯೂ ಅದೇ ಅಕ್ಕಿಯಿದೆ. ಅದನ್ನು ಮರಳಿ ಸುರಿಯುವವರು ಮಾತ್ರ ವಿರಳ.

ಲಕ್ಕಮ್ಮನ ಸ್ಥಾನ ಮನೆಯಲ್ಲಿ ಎಂಬುದನ್ನು ಗೃಹಸ್ಥರು ಗಮನಿಸಬೇಕು. ಹಬ್ಬಕ್ಕೆ ಊರಿಗೆ ಬಂದ ಮಗನನ್ನಾಗಲಿ ಸೊಸೆಯನ್ನಾಗಲಿ ಕೈಕಾಲು ತೊಳೆಯುವ ಮೊದಲೇ "ಪ್ಯಾಕೇಜು ಎಷ್ಟಾಯಿತು?" ಎಂದು ನೆಂಟರ ಮುಂದೆ ಕೇಳುವ ವಾಡಿಕೆ ಬೆಳೆದಿದೆ. ಬೆಂಚಿನ ಮೇಲಿರುವ ಮಗನು ಆಗ ಸುಳ್ಳು ಹೇಳುವನು, ಇಲ್ಲವೆ ಮುಂದಿನ ಹಬ್ಬಕ್ಕೆ ಬಾರನು. ಮನೆ ಕಟ್ಟಿದ ಸಾಲದ ಕಂತನ್ನು ಅವನ ಸಂಬಳದ ಮೇಲೆಯೇ ಹೊರಿಸಿದ್ದರೆ ಬಾಯಿಬಿಡಲು ಅವನಿಗೆ ಧೈರ್ಯವೆಲ್ಲಿಯದು? ಅಂಗಳದ ಕಟ್ಟೆಯಲ್ಲಿ ತಂದೆಯೊಬ್ಬನೇ ಮಗನ ಬಳಿ ಕುಳಿತು, "ಈಗ ಏನು ಕೆಲಸ ಮಾಡುತ್ತಿರುವೆಯಪ್ಪ, ನನಗೂ ತಿಳಿಯುವಂತೆ ಹೇಳು" ಎಂದು ಕೇಳಿದರೆ ಅವನು ನಿಜವನ್ನೇ ಹೇಳಿಯಾನು.